ಅಮೆರಿಕದ ಸಿಮ್ ಮಾತ್ರ ಹಿಡಿಯದಿದ್ದಾಗ: ಐಟಿಯು–ಆನ್ಸಿ ಸಿಗ್ನಲಿಂಗ್ ಪರಿವರ್ತನೆಯ ದೋಷ ನಿವಾರಣೆ

ಮಲೆನಾಡಿನಲ್ಲಿ ಫೋನ್ ಹಿಡಿಯದಿದ್ದರೆ ಎಲ್ಲರ ಕಣ್ಣು ಮೊದಲು ಹೋಗುವುದು ಗುಡ್ಡದ ಮೇಲಿನ ಟವರಿನ ಕಡೆಗೆ. ಕರೆಂಟು ಹೋಗಿರಬೇಕು, ಜನರೇಟರಿನ ಡೀಸೆಲ್ ಮುಗಿದಿರಬೇಕು, ಮರ ಬಿದ್ದು ಕೇಬಲ್ ತುಂಡಾಗಿರಬೇಕು. ಬಹುತೇಕ ಅದೇ ನಿಜವೂ ಆಗಿರುತ್ತದೆ. ಟವರೂ ಸರಿಯಿದ್ದು, ಕೇಬಲ್ಲೂ ಸರಿಯಿದ್ದು, ಒಂದು ದೇಶದ ಸಿಮ್ ಮಾತ್ರ ಮುಷ್ಕರ ಹೂಡಿದಾಗ ಎಲ್ಲಿಂದ ಹುಡುಕಬೇಕು ಎಂಬುದಷ್ಟೇ ಈ ಬರಹದ ವಿಷಯ. ನಮ್ಮ ತಂಡಕ್ಕೆ ಹೊಸದಾಗಿ ಬರುವವರಿಗೆಂದು ಬರೆದಿಟ್ಟ ಟಿಪ್ಪಣಿಗಳನ್ನೇ ಇಲ್ಲಿ ಬೆಳೆಸಿದ್ದೇನೆ.

ನಾನು ತೀರ್ಥಹಳ್ಳಿಯ ಮನೆಯಿಂದಲೇ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತೇನೆ. ದೇಶದಿಂದ ದೇಶಕ್ಕೆ ಸಿಗ್ನಲಿಂಗ್ ಸಂದೇಶಗಳನ್ನು, ಅಂದರೆ ಫೋನ್ ಜಾಲಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತುಗಳನ್ನು, ದಾಟಿಸುವ ಒಂದು ವಾಹಕ ಕಂಪನಿಯ ಗೇಟ್‌ವೇ ನೋಡಿಕೊಳ್ಳುವ ಕೆಲಸ. ಕೆಲವು ವರ್ಷಗಳ ಹಿಂದೆ, ಅಡಿಕೆ ಕೊಯ್ಲಿನ ದಿನಗಳಲ್ಲಿ ಒಂದು ದೂರು ಬಂತು. ಅಮೆರಿಕದಿಂದ ರಜೆಗೆ ಬಂದ ಒಬ್ಬರ ಫೋನ್ ಊರಿನಲ್ಲಿ ನೆಟ್‌ವರ್ಕ್ ಹಿಡಿಯುತ್ತಿಲ್ಲ. ಊರು ಯಾವುದೆಂದು ನೋಡಿದರೆ ಹೊಸನಗರದ ಕಡೆಯದು. ದೂರು ಎರಡು ಖಂಡ ಸುತ್ತಿ ಪಕ್ಕದ ತಾಲ್ಲೂಕಿನವನಾದ ನನ್ನ ಮೇಜಿಗೇ ಬಂದು ಬಿದ್ದಿತ್ತು.

ಅಷ್ಟರಲ್ಲಿ ಅಲ್ಲಿನ ತಂತ್ರಜ್ಞ ಎರಡು ಸಲ ಟವರ್ ಹತ್ತಿ ಇಳಿದಾಗಿತ್ತು. ಕೆಳಗೆ ಅಡಿಕೆ ಬೇಯಿಸುವ ಹಂಡೆಯ ಬಳಿ ನಿಂತಿದ್ದ ಮನೆಯ ಯಜಮಾನರು ಕೇಳಿದರಂತೆ: “ತಮ್ಮಾ, ನನ್ನ ಡಬ್ಬಾ ಫೋನಿಗೆ ನಾಲ್ಕು ಕಡ್ಡಿ ಇದೆ, ನಮ್ಮ ಮಾಣಿಯ ಫೋನಿಗೆ ಒಂದೂ ಇಲ್ಲ. ಟವರಿಗೂ ಪಂಕ್ತಿಭೇದ ಉಂಟೇ?”

ತಮಾಷೆಗೆ ಕೇಳಿದ್ದಿರಬಹುದು. ಆದರೆ ದೋಷ ಹುಡುಕುವವನಿಗೆ ಆ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ.

ಮೊದಲು ಮೂರು ಸಿಮ್

ಒಂದೇ ಜಾಗದಲ್ಲಿ ನಿಂತು ಮೂರು ಸಿಮ್ ಹಾಕಿ ನೋಡಿ: ಇಲ್ಲಿನದೊಂದು, ಕೊಲ್ಲಿ ದೇಶದ್ದೊಂದು, ಅಮೆರಿಕದ್ದೊಂದು. ಕೊಲ್ಲಿಯ ಸಿಮ್ಮಿಗೆ ನಮ್ಮ ಕಡೆ ಬರವಿಲ್ಲ. ರಜೆಗೆ ಬಂದವರು ಪ್ರತಿ ಪೇಟೆಯಲ್ಲೂ ಸಿಗುತ್ತಾರೆ. ಇಲ್ಲಿನ ಸಿಮ್ ನಡೆದರೆ ಟವರ್ ಸರಿ. ಕೊಲ್ಲಿಯದು ನಡೆದರೆ ರೋಮಿಂಗ್ ವ್ಯವಸ್ಥೆಯೂ ಅಂತರರಾಷ್ಟ್ರೀಯ ಕೊಂಡಿಯೂ ಸರಿ. ಅವೆರಡೂ ನಡೆದು ಅಮೆರಿಕದ್ದು ಮಾತ್ರ ನಿಂತರೆ ಅನುಮಾನ ಪರಿವರ್ತನೆಯ ಮೇಲೆ ಬೀಳಬೇಕು. ಭಾರತವೂ ಕೊಲ್ಲಿ ದೇಶಗಳೂ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಮಾನಕದ ಕಡೆಯವು. ಅಮೆರಿಕದ ಒಳಜಾಲ ಆನ್ಸಿ (ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ) ಮಾನಕದ್ದು. ನಡುವೆ ಎಲ್ಲೋ ಒಂದು ಕಡೆ ಸಂದೇಶ ವೇಷ ಬದಲಿಸಲೇಬೇಕು. ಅದನ್ನು ಮಾಡುವುದು ನಮ್ಮ ಗೇಟ್‌ವೇಯೊಳಗಿನ ಪರಿವರ್ತಕ.

ಒಂದು ಎಚ್ಚರಿಕೆ. 4ಜಿ ರೋಮಿಂಗ್ ಡಯಾಮೀಟರ್ ಎಂಬ ಬೇರೆ ಪ್ರೋಟೊಕಾಲ್‌ನಲ್ಲಿ ನಡೆಯುತ್ತದೆ, ಅಲ್ಲಿ ಈ ರಾಷ್ಟ್ರೀಯ ಭೇದಗಳಿಲ್ಲ. ಆದ್ದರಿಂದ ಪರೀಕ್ಷೆಗೆ ಮೊದಲು ಫೋನನ್ನು 2ಜಿಗೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ದೋಷವಿದ್ದೂ ಕಾಣುವುದಿಲ್ಲ. ಹೊಸನಗರದ ಆ ಟವರಿನಲ್ಲಿ ಆಗ 4ಜಿ ಬಂದಿರಲಿಲ್ಲ, ಹಾಗಾಗಿ ದೋಷ ತಾನಾಗಿ ಬಯಲಾಯಿತು.

ಭೇದ ಇರುವುದು ಎಲ್ಲಿ

2ಜಿ, 3ಜಿ ಜಾಲಗಳ ಸಿಗ್ನಲಿಂಗ್ ಭಾಷೆಗೆ ಎಸ್‌ಎಸ್7 ಎಂಬ ಹೆಸರು ಒಂದೇ, ಸಂಸಾರ ಹಲವು. ಶಿವಮೊಗ್ಗ ಮಂಡಿಯ ಚೀಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬರೆಯುತ್ತಾರೆ. ಸಾಗರದ ಚೀಟಿಯಲ್ಲಿ ಚಾಲಿ, ಕೋಕ, ಬಿಳೆಗೋಟು, ಕೆಂಪುಗೋಟು. ಅಡಿಕೆ ಅಡಿಕೆಯೇ. ಆದರೆ ಇಲ್ಲಿನ ಚೀಟಿಯನ್ನು ಅಲ್ಲಿನ ಗುಮಾಸ್ತರು ತಮ್ಮ ಕಾಲಮ್ಮಿನ ಪ್ರಕಾರ ಓದಿದರೆ ಬೆಳೆಗಾರನ ಲೆಕ್ಕ ಮುಳುಗುತ್ತದೆ. ಐಟಿಯು ಕ್ಯೂ.700 ಸರಣಿಗೂ ಆನ್ಸಿ ಟಿ1.111ರಿಂದ ಟಿ1.114ರವರೆಗಿನ ಮಾನಕಗಳಿಗೂ ಇರುವ ಸಂಬಂಧ ಅಂಥದ್ದು.

ಕಣ್ಣಿಗೆ ಮೊದಲು ಬೀಳುವ ಭೇದ ಪಾಯಿಂಟ್ ಕೋಡಿನದು, ಅಂದರೆ ಜಾಲದ ಪ್ರತಿ ನೋಡ್‌ಗೂ (ಯಂತ್ರಕ್ಕೂ) ಇರುವ ವಿಳಾಸ ಸಂಖ್ಯೆಯದು. ಐಟಿಯುನಲ್ಲಿ 14 ಬಿಟ್, ಅಂದರೆ 16,384 ವಿಳಾಸಗಳು. ಆನ್ಸಿಯಲ್ಲಿ 24 ಬಿಟ್. ಚೀನಾದ ರಾಷ್ಟ್ರೀಯ ಜಾಲದಲ್ಲೂ 24, ಜಪಾನಿನಲ್ಲಿ 16. ಇದರಿಂದಾಗಿ ಸಂದೇಶದ ತಲೆಪಟ್ಟಿ, ಅಂದರೆ ರೂಟಿಂಗ್ ಲೇಬಲ್, ಐಟಿಯುನಲ್ಲಿ 4 ಬೈಟ್ ಇದ್ದರೆ ಆನ್ಸಿಯಲ್ಲಿ 7 ಬೈಟ್. ಕಳಿಸುವವನ, ಪಡೆಯುವವನ ಕೋಡುಗಳನ್ನು ಬದಲಿಸುವುದು ಪರಿವರ್ತಕಕ್ಕೆ ಸುಲಭದ ಕೆಲಸ. ಆ ಕಡೆಯ ಪ್ರತಿ ನೋಡ್‌ಗೂ ಈ ಕಡೆ ಒಂದು ಬದಲಿ ಕೋಡ್ ಕೊಟ್ಟು ಪಟ್ಟಿ ಮಾಡಿಟ್ಟರೆ ಆಯಿತು. ಇದು ಲಕೋಟೆಯ ಮೇಲಿನ ವಿಳಾಸ.

ನನ್ನ ಅನುಭವದಲ್ಲಿ ಲಕೋಟೆಯ ಮೇಲೆ ತಪ್ಪುಗಳು ಕಡಿಮೆ, ಒಳಗಿನ ಕಾಗದದಲ್ಲೇ ಹೆಚ್ಚು. ಒಳಗಿನದನ್ನು, ಸಂದೇಶ ಕೊನೆಗೆ ಯಾರಿಗೆ ಸೇರಬೇಕೆಂದು ಹೇಳುವ ಎಸ್‌ಸಿಸಿಪಿ ಪದರ ಬರೆಯುತ್ತದೆ. ಅಲ್ಲಿ ಪ್ರತಿ ವಿಳಾಸವೂ ಒಂದು ಸೂಚಕ ಬೈಟಿನಿಂದ ಶುರುವಾಗುತ್ತದೆ. ಮುಂದೆ ಏನೇನಿದೆ ಎಂದು ಹೇಳುವ ಬೈಟ್ ಅದು. ಐಟಿಯುನಲ್ಲಿ ಅದರ ಮೊದಲ ಬಿಟ್ ಪಾಯಿಂಟ್ ಕೋಡ್ ಇದೆಯೇ ಎಂದು ಹೇಳುತ್ತದೆ, ಎರಡನೆಯದು ಎಸ್‌ಎಸ್‌ಎನ್ (ಆ ನೋಡಿನೊಳಗೆ ಸಂದೇಶ ಯಾವ ವಿಭಾಗಕ್ಕೆ ಎಂಬ ಸಂಖ್ಯೆ) ಇದೆಯೇ ಎಂದು. ಆನ್ಸಿಯಲ್ಲಿ ಇವೆರಡೂ ಅದಲುಬದಲು. ಬೈಟುಗಳ ಕ್ರಮವೂ ಅದಲುಬದಲು, ಎಸ್‌ಎಸ್‌ಎನ್ ಮೊದಲು, ಕೋಡ್ ಆಮೇಲೆ. ಎಂಟನೆಯ ಬಿಟ್ ಐಟಿಯುನಲ್ಲಿ ರಾಷ್ಟ್ರೀಯ ಬಳಕೆಗೆ ಮೀಸಲು, ಆನ್ಸಿಯಲ್ಲಿ ವಿಳಾಸ ರಾಷ್ಟ್ರೀಯವೋ ಅಂತರರಾಷ್ಟ್ರೀಯವೋ ಎಂಬುದರ ಗುರುತು.

ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ನೋಡಿದರೆ, ಐಟಿಯು ಕಡೆಯ ಸಾಮಾನ್ಯ ಸೂಚಕ 12, ಆನ್ಸಿ ಕಡೆಯದು 89. ಈ ಎರಡು ಅಂಕಿ ಬಾಯಿಪಾಠವಾಗಲಿ. ಪರಿವರ್ತನೆಯಾಗದೆ ನುಸುಳಿದ 12ನ್ನು ಆನ್ಸಿ ನೋಡ್ ಓದಿದರೆ ‘ಎಸ್‌ಎಸ್‌ಎನ್ ಇಲ್ಲ, ಪಾಯಿಂಟ್ ಕೋಡ್ ಇದೆ’ ಎಂದು ತಿಳಿದು ಮುಂದಿನ ಮೂರು ಬೈಟುಗಳನ್ನು ಕೋಡ್ ಎಂದು ನುಂಗುತ್ತದೆ. ಆ ಮೂರು 06 00 11 ಆಗಿದ್ದರೆ ಲಾಗ್‌ನಲ್ಲಿ (ಓದುವುದು ಹಿಂದಿನಿಂದ, ಹೆಕ್ಸ್ 11 ಎಂದರೆ 17) 17-0-6 ಎಂಬ, ಯಾರೂ ಕೇಳಿರದ ಕೋಡ್ ಕಾಣಿಸುತ್ತದೆ. ಲಾಗ್‌ನಲ್ಲಿ ಅಪರಿಚಿತ ಕೋಡ್ ಕಂಡು, ಅದರ ಮೊದಲ ಭಾಗ 17 ಅಥವಾ 18 ಇದ್ದು, ಕೊನೆಯದು 6, 7 ಅಥವಾ 8 ಇದ್ದರೆ ರೂಟಿಂಗ್ ಪಟ್ಟಿ ತೆರೆಯುವ ಶ್ರಮ ಬೇಡ. ಆ 6, 7, 8 ಎಂದರೆ ಎಚ್‌ಎಲ್‌ಆರ್ (ಸಿಮ್ಮಿನ ಸ್ವಂತ ಜಾಲದ ಗ್ರಾಹಕರ ದಾಖಲೆ), ವಿಎಲ್‌ಆರ್ (ಫೋನ್ ಈಗಿರುವ ಜಾಲದ ದಾಖಲೆ), ಎಂಎಸ್‌ಸಿ (ಕರೆ ಜೋಡಿಸುವ ಕೇಂದ್ರ) ಇವುಗಳ ಎಸ್‌ಎಸ್‌ಎನ್, ತಪ್ಪು ಕಾಲಮ್ಮಿನಲ್ಲಿ ಕುಳಿತಿವೆ ಅಷ್ಟೇ.

ಸೂಚಕದ ನಡುವಿನ ನಾಲ್ಕು ಬಿಟ್ ಗ್ಲೋಬಲ್ ಟೈಟಲ್‌ನ, ಅಂದರೆ ಫೋನ್ ನಂಬರಿನ ರೂಪದ ವಿಳಾಸದ, ಬಗೆ ಹೇಳುತ್ತವೆ. ಐಟಿಯುನಲ್ಲಿ ಅಂತರರಾಷ್ಟ್ರೀಯವಾಗಿ ಬಳಸುವುದು ಬಗೆ 4. ಅದರಲ್ಲಿ ಟ್ರಾನ್ಸ್‌ಲೇಶನ್ ಟೈಪ್ (ವಿಳಾಸವನ್ನು ಯಾವ ಪಟ್ಟಿಯಲ್ಲಿ ಹುಡುಕಬೇಕೆಂಬ ಗುರುತು), ನಂಬರಿಂಗ್ ಪ್ಲಾನ್, ಅಂಕಿಗಳನ್ನು ಬರೆದ ರೀತಿ, ವಿಳಾಸದ ಸ್ವರೂಪ, ಇಷ್ಟೂ ಇರುತ್ತವೆ. ಆನ್ಸಿಯ ಬಗೆ 2ರಲ್ಲಿ ಟ್ರಾನ್ಸ್‌ಲೇಶನ್ ಟೈಪ್ ಒಂದೇ. ಉಳಿದುದೆಲ್ಲವನ್ನೂ ಆ ಒಂದು ಬೈಟ್ ನೋಡಿ ಊಹಿಸಿಕೊಳ್ಳಬೇಕು. ಹಾಗಾಗಿ ಇಲ್ಲಿಂದ ಅಲ್ಲಿಗೆ ಹೋಗುವಾಗ ವಿವರ ಕಳೆಯುತ್ತದೆ, ಅಲ್ಲಿಂದ ಇಲ್ಲಿಗೆ ಬರುವಾಗ ಇಲ್ಲದ ವಿವರವನ್ನು ಪರಿವರ್ತಕ ಹುಟ್ಟಿಸಬೇಕು. ಹೊಸನಗರದ ದೋಷ ಹುಟ್ಟಿದ್ದು ಈ ಹುಟ್ಟಿಸುವ ಜಾಗದಲ್ಲಿ.

ಟ್ರೇಸ್ ತೆಗೆಯುವಾಗ

ಪರಿವರ್ತಕದ ಎರಡೂ ಮುಖಗಳಲ್ಲಿ, ಒಂದೇ ಹೊತ್ತಿಗೆ ಟ್ರೇಸ್ (ಹಾದುಹೋಗುವ ಸಂದೇಶಗಳ ದಾಖಲೆ) ತೆಗೆಯಬೇಕು. ಒಂದೇ ಕಡೆಯದನ್ನು ನೋಡಿ ತೀರ್ಪು ಕೊಡುವುದು ಒಬ್ಬ ಕಕ್ಷಿದಾರನ ಮಾತು ಕೇಳಿ ಪಂಚಾಯಿತಿ ಮಾಡಿದಂತೆ.

ಈಗ ಕೊಂಡಿಗಳೆಲ್ಲ ಐಪಿ ಮೇಲೆ, ಎಂ3ಯುಎ ಎಂಬ ಪ್ರೋಟೊಕಾಲ್ ಮೂಲಕ ನಡೆಯುತ್ತವೆ (ಆರ್‌ಎಫ್‌ಸಿ 4666, ಎಸ್‌ಸಿಟಿಪಿ ಪೋರ್ಟ್ 2905). ಎಂ3ಯುಎ ಎಲ್ಲ ದೇಶದ ಕೋಡುಗಳನ್ನೂ 32 ಬಿಟ್ಟಿನ ಒಂದೇ ಅಳತೆಯ ಡಬ್ಬಿಯಲ್ಲಿ ಹಾಕುತ್ತದೆ. ಡಬ್ಬಿ ನೋಡಿ ಒಳಗಿರುವುದು 14 ಬಿಟ್ಟೋ 24 ಬಿಟ್ಟೋ ಹೇಳಲಾಗದು. 8675 ಎಂಬ ಬೆಲೆಯನ್ನು ತೆಗೆದುಕೊಳ್ಳಿ: ಐಟಿಯು ಎಂದು ಓದಿದರೆ 4-60-3, ಆನ್ಸಿ ಎಂದು ಓದಿದರೆ 0-33-227. ಎರಡೂ ನಂಬುವಂತೆಯೇ ಇವೆ.

ಟ್ರೇಸ್ ಓದುವ ತಂತ್ರಾಂಶವಾದ ವೈರ್‌ಶಾರ್ಕ್‌ನಲ್ಲಿ ಎಂಟಿಪಿ3 (ಲಕೋಟೆಯ ಪದರ) ಮಾನಕ ಯಾವುದೆಂದು ನಾವೇ ಹೇಳಬೇಕು; ಹೇಳದಿದ್ದರೆ ಅದು ಐಟಿಯು ಎಂದೇ ಓದುತ್ತದೆ. ಆನ್ಸಿ ಕಡೆಯ ಟ್ರೇಸನ್ನು ಹಾಗೇ ತೆರೆದು, ಎಸ್‌ಸಿಸಿಪಿ ಇಡೀ ಹಾಳಾಗಿದೆ ಎಂದು ಗಾಬರಿಯಾಗಿ ಮಧ್ಯರಾತ್ರಿ ಫೋನ್ ಮಾಡಿದವರನ್ನು ಬಲ್ಲೆ. ಮೊದಲ ವರ್ಷ ನಾನೇ ಮಾಡಿದ್ದೇನೆ. ಅದಕ್ಕೇ ಕೈಬರಹದ ಅಭ್ಯಾಸ ಬೇಕು ಎನ್ನುವುದು: ಉಪಕರಣ ಬಿಡಿಸಿ ಹೇಳಿದ್ದನ್ನು ಪಕ್ಕಕ್ಕಿಟ್ಟು ಹೆಕ್ಸ್ ಬೈಟುಗಳನ್ನು ಕಾಗದದ ಮೇಲೆ ಬರೆದು ಬೆರಳಿಟ್ಟು ಓದಿ. ಐದು ನಿಮಿಷದ ಕೆಲಸ.

ಮೂರನೆಯ ಸಂದೇಶ ಎಲ್ಲಿ ಹೋಯಿತು

ರೋಮಿಂಗ್ ಫೋನ್ ಆನ್ ಆದಾಗ ಇಲ್ಲಿನ ವಿಎಲ್‌ಆರ್ ಮೊದಲು ಆ ಕಡೆಯ ಎಚ್‌ಎಲ್‌ಆರ್‌ನಿಂದ ದೃಢೀಕರಣದ ಮಾಹಿತಿ ಕೇಳುತ್ತದೆ. ಒಂದು ಪ್ರಶ್ನೆ, ಒಂದು ಉತ್ತರ, ಅಲ್ಲಿಗೆ ಮುಗಿಯಿತು. ಆಮೇಲೆ ‘ಈ ಗ್ರಾಹಕ ಈಗ ನನ್ನಲ್ಲಿದ್ದಾನೆ’ ಎಂದು ಅಪ್‌ಡೇಟ್ ಲೊಕೇಶನ್ ಕಳಿಸುತ್ತದೆ. ಇದಕ್ಕೆ ನಾಲ್ಕು ಹೆಜ್ಜೆ: ವಿಎಲ್‌ಆರ್ ಕೇಳುತ್ತದೆ, ಎಚ್‌ಎಲ್‌ಆರ್ ಗ್ರಾಹಕನ ವಿವರಗಳನ್ನು ಕಳಿಸುತ್ತದೆ, ವಿಎಲ್‌ಆರ್ ‘ಸಿಕ್ಕಿತು’ ಎನ್ನುತ್ತದೆ, ಎಚ್‌ಎಲ್‌ಆರ್ ಒಪ್ಪಿಗೆ ಕೊಟ್ಟು ಮುಗಿಸುತ್ತದೆ.

ನಮ್ಮ ಟ್ರೇಸ್‌ನಲ್ಲಿ ದೃಢೀಕರಣ ಸರಾಗವಾಗಿ ಮುಗಿದಿತ್ತು. ಅಪ್‌ಡೇಟ್ ಲೊಕೇಶನ್‌ನ ಮೊದಲ ಎರಡು ಹೆಜ್ಜೆಗಳೂ ಇದ್ದವು. ಮೂರನೆಯದು ಇರಲೇ ಇಲ್ಲ. ಎಚ್‌ಎಲ್‌ಆರ್ ಕಾದು ಕಾದು ಸಂವಾದವನ್ನು ಕಡಿಯುತ್ತಿತ್ತು. ಇದೇ ಅಮೆರಿಕದ ಸಿಮ್ ಶಿವಮೊಗ್ಗ ಪೇಟೆಯಲ್ಲಿ ಇನ್ನೊಂದು ಕಂಪನಿಯ ಜಾಲದಲ್ಲಿ ಚೆನ್ನಾಗಿ ನಡೆಯುತ್ತಿದೆ ಎಂಬ ಸುದ್ದಿಯೂ ಬಂತು. ನಮ್ಮ ತಂಡ ಹಿಗ್ಗಿತು. ಮೂರನೆಯ ಸಂದೇಶ ನಮಗೆ ತಲುಪಿಯೇ ಇಲ್ಲ, ಇನ್ನೊಬ್ಬರ ಜತೆ ಇದೇ ಗೇಟ್‌ವೇ ಸರಿಯಾಗಿದೆ, ಆದ್ದರಿಂದ ದೋಷ ನಿಮ್ಮದು ಎಂದು ಬರೆದು ದೂರನ್ನು ಮುಚ್ಚಿದೆವು.

ಮರುದಿನ ಆ ಸ್ಥಳೀಯ ಕಂಪನಿಯ ಎಂಜಿನಿಯರ್ ನನಗೆ ನೇರವಾಗಿ ಫೋನ್ ಮಾಡಿದರು. ಅವರು ಮಾಡಿದ ಮೊದಲ ಒಳ್ಳೆಯ ಕೆಲಸ, ಎಸ್‌ಸಿಸಿಪಿ ಸಂದೇಶದ ಪ್ರೋಟೊಕಾಲ್ ಕ್ಲಾಸ್ ಬೈಟನ್ನು 00ಯಿಂದ 80ಕ್ಕೆ ಬದಲಿಸಿದ್ದು. 00 ಇದ್ದರೆ ದಾರಿಯಲ್ಲಿ ಸತ್ತ ಸಂದೇಶ ಸದ್ದಿಲ್ಲದೆ ಸಾಯುತ್ತದೆ. 80 ಇದ್ದರೆ ಕಾರಣದ ಸಮೇತ ವಾಪಸ್ ಬರುತ್ತದೆ. ವಾಪಸ್ ಬಂದ ಸಂದೇಶದಲ್ಲಿ (ಇದಕ್ಕೆ ಯುಡಿಟಿಎಸ್ ಎನ್ನುತ್ತಾರೆ) ಕಾರಣ 1 ಎಂದಿತ್ತು: ಈ ನಿರ್ದಿಷ್ಟ ವಿಳಾಸಕ್ಕೆ ಅನುವಾದವಿಲ್ಲ. ತಿರಸ್ಕರಿಸಿದ್ದು ಅವರದೇ ಅಂತರರಾಷ್ಟ್ರೀಯ ಗೇಟ್‌ವೇ.

“ನಿಮ್ಮ ಗೇಟ್‌ವೇಯೇ ತಿರಸ್ಕರಿಸಿದೆಯಲ್ಲ, ಮೇಡಂ?” ಎಂದೆ.

“ಹೌದು ಸರ್. ಆದರೆ ಆ ವಿಳಾಸ ನಮ್ಮದಲ್ಲ. ನಿಮ್ಮ ಕಡೆಯಿಂದ ಬಂದ ಉತ್ತರದಲ್ಲಿದ್ದ ಎಚ್‌ಎಲ್‌ಆರ್ ವಿಳಾಸವನ್ನೇ ನಾವು ತಿರುಗಿ ಬಳಸಿದ್ದು. ಅದರಲ್ಲಿ ಹನ್ನೆರಡು ಅಂಕಿ ಇದೆ. ಅಮೆರಿಕದ ಸಂಖ್ಯೆಗೆ ಹನ್ನೆರಡು ಅಂಕಿ ಹೇಗೆ ಬಂತು, ನೀವೇ ಹೇಳಿ.”

ಹೇಳುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ. ಫೋನಿಟ್ಟು ಬೈಟುಗಳನ್ನು ಬರೆದುಕೊಂಡೆ. ಗ್ರಾಹಕರ ಗುಟ್ಟು ಕಾಯಲು ಇಲ್ಲಿ ಕಲ್ಪಿತ ಸಂಖ್ಯೆಯೊಂದನ್ನು, 1 212 555 0123, ಬಳಸುತ್ತೇನೆ.

ಆನ್ಸಿ ಕಡೆಯಿಂದ ಬಂದದ್ದು: 89, 06, ಟ್ರಾನ್ಸ್‌ಲೇಶನ್ ಟೈಪಿನ ಒಂದು ಬೈಟ್, ಆಮೇಲೆ 21 21 55 05 21 03. ಪ್ರತಿ ಬೈಟಿನಲ್ಲಿ ಎರಡು ಅಂಕಿ, ತಿರುವುಮುರುವಾಗಿ. ಹನ್ನೊಂದು ಅಂಕಿ ಬೆಸ ಸಂಖ್ಯೆಯಾದ್ದರಿಂದ ಕೊನೆಯ ಬೈಟಿನಲ್ಲಿ 3ರ ಜತೆಗೆ ಜಾಗ ತುಂಬಲು ಒಂದು 0.

ನಮ್ಮ ಪರಿವರ್ತಕ ಐಟಿಯು ಕಡೆಗೆ ಕೊಟ್ಟದ್ದು: 12 06 00 12 04 21 21 55 05 21 03.

ಐಟಿಯು ಸಾಲಿನ ನಾಲ್ಕನೆಯ ಬೈಟ್ ನೋಡಿ. ಅದರ ಮೊದಲ ಅಂಕಿ 1 ಎಂದರೆ ಸಂಖ್ಯೆ ಇ.164 ಪ್ಲಾನಿನದು, ಅಂದರೆ ಸಾಮಾನ್ಯ ಅಂತರರಾಷ್ಟ್ರೀಯ ಫೋನ್ ನಂಬರು. ಎರಡನೆಯದು ಅಂಕಿಗಳ ಎಣಿಕೆ ಬೆಸವೋ ಸಮವೋ ಹೇಳುತ್ತದೆ: ಬೆಸವಾದರೆ 1, ಸಮವಾದರೆ 2. ನಾವು 2 ಬರೆದಿದ್ದೆವು. ಸಮ ಎಂದ ಮೇಲೆ ಕೊನೆಯ ಆ 0 ಕೂಡ ಅಂಕಿಯೇ ಆಯಿತು, ಸಂಖ್ಯೆ 1 212 555 01230 ಆಯಿತು. ಅಲ್ಲಿ ಬೇಕಿದ್ದುದು 11.

ಆನ್ಸಿಯ ಬಗೆ 2ರಲ್ಲಿ ಬೆಸ–ಸಮದ ಗುರುತಿಗೆ ಜಾಗವೇ ಇಲ್ಲ ಎಂದೆನಲ್ಲ, ಪರಿವರ್ತಕ ಅದನ್ನು ನಿಯಮ ನೋಡಿ ಹಾಕಬೇಕು. ಹಿಂದಿನ ತಿಂಗಳು ನಿಯಮಪಟ್ಟಿಯನ್ನು ಹೊಸ ಯಂತ್ರಕ್ಕೆ ಸಾಗಿಸುವಾಗ ಆ ಜಾಗದಲ್ಲಿ ಯಾವಾಗಲೂ 2 ಎಂದು ಬರೆಯಲಾಗಿತ್ತು. ಬರೆದವರಲ್ಲಿ ನಾನೂ ಒಬ್ಬ. ಪರೀಕ್ಷೆ ಮಾಡಿದ್ದೆವು, ಮಾಡದೆ ಬಿಟ್ಟಿರಲಿಲ್ಲ. ಆದರೆ ಪರೀಕ್ಷೆಗೆ ಇಟ್ಟುಕೊಂಡ ಸಂಖ್ಯೆಗಳೆಲ್ಲ ಭಾರತದವು. 91ರ ಮುಂದೆ ಹತ್ತು, ಒಟ್ಟು ಹನ್ನೆರಡು, ಎಲ್ಲವೂ ಸಮ. ಅಮೆರಿಕದ್ದು 1ರ ಮುಂದೆ ಹತ್ತು, ಒಟ್ಟು ಹನ್ನೊಂದು. ಭಾರತದ ಸಂಖ್ಯೆ ಹಾಕಿ ಸಾವಿರ ಸಲ ಪರೀಕ್ಷಿಸಿದರೂ ಈ ದೋಷ ಕಣ್ಣಿಗೆ ಬೀಳುವುದಿಲ್ಲ.

ದೃಢೀಕರಣ ಏಕೆ ನಡೆಯಿತು? ಅದು ಎರಡೇ ಹೆಜ್ಜೆಯದು, ಎಚ್‌ಎಲ್‌ಆರ್ ವಿಳಾಸವನ್ನು ತಿರುಗಿ ಬಳಸುವ ಪ್ರಮೇಯವೇ ಇಲ್ಲ. ಅಪ್‌ಡೇಟ್ ಲೊಕೇಶನ್‌ನ ಮೊದಲ ಸಂದೇಶ ಏಕೆ ದಾಟಿತು? ಅದರ ವಿಳಾಸ ಸಿಮ್ಮಿನ ಗುರುತು ಸಂಖ್ಯೆಯಾದ ಐಎಂಎಸ್‌ಐಯಿಂದ ಹುಟ್ಟಿದ್ದು, ಇ.214 ಪ್ಲಾನಿನದು, ಬೇರೆ ಪಟ್ಟಿಯಲ್ಲಿ ಹುಡುಕುವಂಥದ್ದು. ಇನ್ನೊಂದು ಕಂಪನಿಯ ಜಾಲದಲ್ಲಿ ಏಕೆ ನಡೆಯುತ್ತಿತ್ತು? ಅವರ ಗೇಟ್‌ವೇ ಮೊದಲ ಅಂಕಿ 1 ಎಂಬುದನ್ನಷ್ಟೇ ನೋಡಿ ಕಳಿಸುತ್ತಿತ್ತು, ಉದ್ದ ಅಳೆಯುತ್ತಿರಲಿಲ್ಲ. ಆ ತಪ್ಪು ಸಂಖ್ಯೆ ನಮ್ಮ ಪರಿವರ್ತಕಕ್ಕೆ ಮರಳಿ ಬಂದಾಗ ಬೆಸ–ಸಮದ ಗುರುತು ಮತ್ತೆ ಉದುರಿ, ಆನ್ಸಿ ಕಡೆಗೆ 21 21 55 05 21 03 ಎಂಬ ಮೊದಲಿನ ಬೈಟುಗಳೇ ಹೋಗುತ್ತಿದ್ದವು. ಎರಡು ತಪ್ಪು ಸೇರಿ ಸರಿಯಾಗುತ್ತಿತ್ತು. ನಿಯಮಬದ್ಧವಾಗಿ ಉದ್ದ ಅಳೆಯುತ್ತಿದ್ದ ಕಂಪನಿಗೇ ಕೆಟ್ಟ ಹೆಸರು ಬಂತು.

ಇದೇ ಟ್ರೇಸ್‌ನಲ್ಲಿ ಇನ್ನೊಂದು ಮೋಸವಿತ್ತು. ಅಪ್‌ಡೇಟ್ ಲೊಕೇಶನ್‌ನಂಥ ಸಂದೇಶಗಳಿರುವ ಮೇಲಿನ ಎಂಎಪಿ ಪದರದೊಳಗೆ ಬರುವ ಸಂಖ್ಯೆಗಳಲ್ಲಿ ಖಾಲಿ ಜಾಗ ತುಂಬಲು 0 ಅಲ್ಲ, ಎಫ್ ಬಳಸುತ್ತಾರೆ. ಬೆಸ ಎಂಬುದು ಅಲ್ಲಿ ತಾನಾಗಿ ಗೊತ್ತಾಗುತ್ತದೆ, ಪರಿವರ್ತಕವೂ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಒಳಗಿನ ಪದರದ ಸಂಖ್ಯೆ ಶುದ್ಧವಾಗಿತ್ತು. ಅದನ್ನು ನೋಡಿದ ನಮ್ಮವರು ವಿಳಾಸ ಸರಿಯಿದೆ ಎಂದು ಷರಾ ಬರೆದಿದ್ದರು. ಯಾವ ಪದರದ ಸಂಖ್ಯೆಯನ್ನು ಓದುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳಿಕೊಂಡು ಓದಿ.

ಉಳಿದ ಸಾಮಾನ್ಯ ದೋಷಗಳು

ಕೆಲವನ್ನು ಚಿಕ್ಕದಾಗಿ ಹೇಳುತ್ತೇನೆ, ಪ್ರತಿಯೊಂದಕ್ಕೂ ಕಥೆ ಬೇಡ.

ನೆಟ್‌ವರ್ಕ್ ಸೂಚಕ. ಸಂದೇಶದ ಎಸ್‌ಐಒ ಬೈಟಿನ ಮೇಲಿನ ಎರಡು ಬಿಟ್: 00 ಅಂತರರಾಷ್ಟ್ರೀಯ, 10 ರಾಷ್ಟ್ರೀಯ. ಎಸ್‌ಸಿಸಿಪಿ ಸಂದೇಶಕ್ಕೆ ಹೆಕ್ಸ್‌ನಲ್ಲಿ 03 ಅಥವಾ 83. ಇದು ತಪ್ಪಿದರೆ ಕೋಡ್ ಎಷ್ಟೇ ಸರಿಯಿದ್ದರೂ ಸಂದೇಶ ಹೊಸ್ತಿಲಲ್ಲೇ ಬೀಳುತ್ತದೆ. ಆನ್ಸಿ ಕಡೆ ಅದೇ ಬೈಟಿನ ನಡುವಿನ ಎರಡು ಬಿಟ್‌ಗಳಲ್ಲಿ ಸಂದೇಶದ ಆದ್ಯತೆಯೂ ಇರುವುದರಿಂದ 83ರ ಬದಲು 93 ಕಂಡರೆ ಹೆದರಬೇಡಿ, ಅದು ಆದ್ಯತೆ 1. ಆದರೆ ಆ ಬಿಟ್‌ಗಳು ಐಟಿಯು ಕಡೆಗೆ ಹಾಗೇ ಹರಿದು ಬರಬಾರದು.

ಎಸ್‌ಸಿಸಿಪಿ ವಿಳಾಸದೊಳಗೆ ಅಡಗಿದ ಪಾಯಿಂಟ್ ಕೋಡ್. ಲೇಬಲ್‌ನ ಕೋಡ್ ಬದಲಾಗಿ, ಕಳಿಸಿದವರ ವಿಳಾಸದೊಳಗಿನ ಕೋಡ್ ಹಳೆಯದೇ ಉಳಿದರೆ ಸಂದೇಶ ತಲುಪುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಹೋಗುವ ದಾರಿ ಸರಿ, ಬರುವ ದಾರಿ ಇಲ್ಲ ಎಂಬ ದೂರು ಬಂದರೆ ಮೊದಲು ಇಲ್ಲಿ ನೋಡಿ.

ನಿರ್ವಹಣೆಯ ಸಂದೇಶಗಳು. ಒಂದು ನೋಡ್ ಬಿದ್ದಾಗ ‘ಅದರ ಕಡೆಗೆ ಕಳಿಸಬೇಡಿ’ ಎಂದು ಸಾರುವ ಟಿಎಫ್‌ಪಿ, ಎಸ್‌ಎಸ್‌ಪಿ ಸಂದೇಶಗಳ ಹೊಟ್ಟೆಯಲ್ಲಿ ಬಿದ್ದ ನೋಡಿನ ಕೋಡ್ ಇರುತ್ತದೆ. ಅದೂ ಪರಿವರ್ತನೆಯಾಗಬೇಕು. ಆಗದಿದ್ದರೆ ಎಲ್ಲ ಸರಿಯಿದ್ದ ದಿನ ಏನೂ ಗೊತ್ತಾಗುವುದಿಲ್ಲ; ಆ ಕಡೆಯ ಒಂದು ಯಂತ್ರ ಕೆಟ್ಟ ದಿನ ಈ ಕಡೆಯವರು ಸತ್ತ ನೋಡಿಗೆ ಸಂದೇಶ ಸುರಿಯುತ್ತಲೇ ಇರುತ್ತಾರೆ. ಹೊಸ ಕೊಂಡಿ ಒಪ್ಪಿಕೊಳ್ಳುವ ಮುನ್ನ ಬೇಕೆಂದೇ ಒಂದು ನೋಡ್ ಇಳಿಸಿ ನೋಡಿ.

ಉದ್ದದ ಸಂದೇಶ ಮಾತ್ರ ಹೋಗದಿರುವುದು. ಎಂಟಿಪಿ3ಯ ಹೊಟ್ಟೆಗೆ ಹಿಡಿಸುವುದು 272 ಬೈಟ್. ಆನ್ಸಿಗೆ ದಾಟುವಾಗ ಲೇಬಲ್ 3 ಬೈಟ್ ಬೆಳೆಯುತ್ತದೆ. ವಿಳಾಸದಲ್ಲಿ ಎರಡು ಬೈಟ್ ಉದುರಿ ಕೊಂಚ ಜಾಗವಾಗುತ್ತದೆ ನಿಜ, ಆದರೆ ಪರಿವರ್ತಕ ವಿಳಾಸಕ್ಕೆ 24 ಬಿಟ್ಟಿನ ಕೋಡನ್ನೂ ಸೇರಿಸುವಂತಿದ್ದರೆ 3 ಬೈಟ್ ಮತ್ತೆ ಏರುತ್ತದೆ. ಎರಡೂ ವಿಳಾಸಗಳಿಗೆ ಸೇರಿಸಿದರೆ ಒಟ್ಟು 5 ಬೈಟ್ ಹೆಚ್ಚು. ಅಂಚಿಗೆ ಬಂದಿದ್ದ ಸಂದೇಶ ಅಷ್ಟರಿಂದಲೇ ಚೆಲ್ಲುತ್ತದೆ. ಚಿಕ್ಕ ಎಸ್‌ಎಂಎಸ್ ಬರುತ್ತದೆ, ತುಂಬು ಉದ್ದದ್ದು ಬರುವುದಿಲ್ಲ ಎಂದರೆ ಅಳತೆಪಟ್ಟಿ ಕೈಗೆತ್ತಿಕೊಳ್ಳಿ.

ಒಂದೇ ಕೊಂಡಿಯ ಮೇಲೆ ಎಲ್ಲ ಭಾರ. ಭಾರ ಹಂಚುವ ಎಸ್‌ಎಲ್‌ಎಸ್ ಐಟಿಯುನಲ್ಲಿ 4 ಬಿಟ್, ಆನ್ಸಿಯಲ್ಲಿ 5 ಅಥವಾ 8. ಎಂಟರಿಂದ ನಾಲ್ಕಕ್ಕೆ ಇಳಿಸುವ ನಿಯಮ ಸರಿಯಿಲ್ಲದಿದ್ದರೆ ಒಂದು ಕೊಂಡಿ ಏದುಸಿರು ಬಿಡುತ್ತದೆ, ಉಳಿದವು ಆಕಳಿಸುತ್ತಿರುತ್ತವೆ.

ಟಿಕ್ಯಾಪ್, ಅಂದರೆ ಸಂವಾದವನ್ನು ತೆರೆದು ಮುಚ್ಚುವ ಪದರ. ಇಲ್ಲಿ ಹೊಸಬರು ಅತಿ ಬುದ್ಧಿವಂತಿಕೆ ತೋರಿಸುತ್ತಾರೆ. ಐಟಿಯು ಟಿಕ್ಯಾಪ್ ಸಂವಾದ 62ರಿಂದ ಆರಂಭವಾದರೆ ಆನ್ಸಿಯದು ಇ2 ಅಥವಾ ಇ3ರಿಂದ. ಭೇದ ಇದೆ ಎಂದಮಾತ್ರಕ್ಕೆ ಅದನ್ನೂ ಬದಲಿಸಲು ಹೊರಡಬೇಡಿ. ಅಮೆರಿಕದ ಜಿಎಸ್‌ಎಂ ಜಾಲಗಳಲ್ಲಿ ಕೆಳಗೆ ಆನ್ಸಿ ಎಸ್‌ಸಿಸಿಪಿ ಇದ್ದರೂ ಮೇಲೆ ಎಂಎಪಿ ಹೊತ್ತು ಬರುವುದು ಐಟಿಯು ಟಿಕ್ಯಾಪ್. ಅದನ್ನು ಮುಟ್ಟದೆ ದಾಟಿಸಬೇಕು.

ಕರೆಗಳನ್ನು ಜೋಡಿಸುವ ಐಎಸ್‌ಯುಪಿ ಪದರದ ವಿಚಾರ ಬೇರೆಯೇ ಒಂದು ಬರಹಕ್ಕಾಗುವಷ್ಟಿದೆ. ಐಟಿಯುನ ಮೊದಲ ಸಂದೇಶ ಐಎಎಂನಲ್ಲಿ ಪ್ರಸರಣ ಮಾಧ್ಯಮದ ಬೈಟ್ ಕಡ್ಡಾಯ. ಆನ್ಸಿಯಲ್ಲಿ ಅದರ ಜಾಗದಲ್ಲಿ ಯೂಸರ್ ಸರ್ವಿಸ್ ಮಾಹಿತಿ ಕಡ್ಡಾಯ. ಸರ್ಕ್ಯೂಟ್ ಸಂಖ್ಯೆ ಐಟಿಯುನಲ್ಲಿ 12 ಬಿಟ್, ಆನ್ಸಿಯಲ್ಲಿ 14. ಮಾತು ಸರಿಯಾಗಿ ಹೋಗಿ ಡೇಟಾ ಕರೆ ಮಾತ್ರ ಬಿದ್ದರೆ ಮೊದಲನೆಯದನ್ನು ನೋಡಿ. ಒಂದು ಮಿತಿಯ ಮೇಲಿನ ಸರ್ಕ್ಯೂಟ್‌ಗಳು ಮಾತ್ರ ಅಡ್ಡಾದಿಡ್ಡಿಯಾದರೆ ಎರಡನೆಯದನ್ನು.

ಚೀನಾ ಕಡೆಯ ಕೊಂಡಿ ಸಿಕ್ಕರೆ ಇದನ್ನು ನೆನಪಿಡಿ: ಕೋಡ್ 24 ಬಿಟ್ ಎಂದು ಆನ್ಸಿ ನಿಯಮಪಟ್ಟಿಯನ್ನು ನಕಲು ಮಾಡಿದರೆ ಕೆಟ್ಟಿರಿ. ಅಳತೆ ಆನ್ಸಿಯಂತೆ, ಎಸ್‌ಸಿಸಿಪಿ ವಿಳಾಸದ ನಡವಳಿಕೆ ಐಟಿಯುನಂತೆ.

ಸರಿಪಡಿಸಿದ್ದು, ಒರೆಗೆ ಹಚ್ಚಿದ್ದು

ನಿಯಮವನ್ನು ತಿದ್ದುವುದು ಹತ್ತು ನಿಮಿಷದ ಕೆಲಸವಾಯಿತು. ಆನ್ಸಿ ಕಡೆಯಿಂದ ಬರುವ ಇ.164 ವಿಳಾಸ 1ರಿಂದ ಆರಂಭವಾದರೆ ಹನ್ನೊಂದು ಅಂಕಿ ಎಣಿಸು, ಬೆಸ ಎಂದು ಗುರುತು ಹಾಕು. ಉಳಿದ ದೇಶಗಳ ಸಂಖ್ಯೆಗೆ ಆ ದೇಶದ ಉದ್ದ ನೋಡು. ಕೊನೆಯ ಅಂಕಿ 0 ಇದ್ದರೆ ತೆಗೆದುಹಾಕು ಎಂಬ ಸುಲಭದ ನಿಯಮವನ್ನು ನಮ್ಮಲ್ಲೊಬ್ಬರು ಸೂಚಿಸಿದರು. ನಿಜವಾಗಿಯೂ 0ಯಲ್ಲೇ ಮುಗಿಯುವ ಸಂಖ್ಯೆಗಳು ಇರುತ್ತವೆಯಲ್ಲ, ಹಾಗಾಗಿ ಅದನ್ನು ಒಪ್ಪಲಿಲ್ಲ.

ಪರೀಕ್ಷೆಯ ಸಂಖ್ಯೆಗಳನ್ನೂ ಬದಲಿಸಿದೆವು. ಈಗ ಪಟ್ಟಿಯಲ್ಲಿ ಬೆಸ ಉದ್ದದ್ದು, ಸಮ ಉದ್ದದ್ದು, 0ಯಲ್ಲಿ ಮುಗಿಯುವ ಬೆಸ ಉದ್ದದ್ದು, ಹದಿನೈದು ಅಂಕಿಯ ಐಎಂಎಸ್‌ಐ, 272ರ ಅಂಚಿಗೆ ತಾಗುವ ಒಂದು ಉದ್ದದ ಎಸ್‌ಎಂಎಸ್, ಬೇಕೆಂದೇ ತಪ್ಪು ವಿಳಾಸ ಹಾಕಿ ಯುಡಿಟಿಎಸ್ ವಾಪಸ್ ಬರುವಂತೆ ಮಾಡುವ ಒಂದು ಸಂದೇಶ ಇವೆ. ಪ್ರತಿ ಸಂವಾದವೂ ಕನಿಷ್ಠ ನಾಲ್ಕು ಹೆಜ್ಜೆ ನಡೆಯಬೇಕು. ಎರಡು ಹೆಜ್ಜೆಗೆ ನಿಲ್ಲುವ ಪರೀಕ್ಷೆಯನ್ನು ಎಣಿಕೆಗೆ ಹಿಡಿಯುವುದಿಲ್ಲ.

ಮುಚ್ಚಿದ್ದ ದೂರನ್ನು ತೆರೆದು, ದೋಷ ನಮ್ಮದು ಎಂದು ತಿದ್ದಿ ಬರೆದು, ಆ ಎಂಜಿನಿಯರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ರಾತ್ರಿ ಎರಡು ಗಂಟೆಗೆ ನಿಯಮ ಜಾರಿಯಾಯಿತು. ಬೆಳಿಗ್ಗೆ ಆರರ ಹೊತ್ತಿಗೆ ಹೊಸನಗರದ ಫೋನ್ ನಾಲ್ಕೂ ಹೆಜ್ಜೆ ದಾಟಿ ನೋಂದಣಿಯಾಗಿದ್ದು ಟ್ರೇಸ್‌ನಲ್ಲಿ ಕಂಡಿತು. ಟವರ್ ಹತ್ತಿದ್ದ ತಂತ್ರಜ್ಞನಿಗೆ ತಿಳಿಸಿದಾಗ, “ಹಾಗಾದರೆ ನಾನು ಹತ್ತಿದ್ದು ದಂಡವೇ, ಸರ್?” ಎಂದ. ಅವನು ಹತ್ತಿ ಟವರ್ ಸರಿಯಿದೆ ಎಂದು ಬರೆದಿರದಿದ್ದರೆ ದೂರು ನನ್ನವರೆಗೆ ಬರುತ್ತಲೇ ಇರಲಿಲ್ಲ ಎಂದೆ. ಅವನಿಗೆ ಅಷ್ಟೇನೂ ಸಮಾಧಾನವಾದಂತೆ ಕಾಣಲಿಲ್ಲ.

ಒಂದು ಪರೀಕ್ಷೆ ಮಾತ್ರ ನಮ್ಮ ಕೈಯಲ್ಲಿರಲಿಲ್ಲ. ಗ್ರಾಹಕ ಬೇರೆ ಜಾಲಕ್ಕೆ ಹೋದಾಗ ಎಚ್‌ಎಲ್‌ಆರ್ ತಾನಾಗಿಯೇ ಇಲ್ಲಿನ ವಿಎಲ್‌ಆರ್‌ಗೆ ಕ್ಯಾನ್ಸಲ್ ಲೊಕೇಶನ್ ಕಳಿಸುತ್ತದೆ. ಅದು ಆ ಕಡೆಯಿಂದಲೇ ಹುಟ್ಟುವ ಸಂವಾದ, ನಾವು ಬೇಕೆಂದಾಗ ಹುಟ್ಟಿಸುವಂಥದ್ದಲ್ಲ. ಹನ್ನೆರಡು ದಿನ ಕಾದೆ. ಕೊಯ್ಲು ಮುಗಿಸಿ ಮಾಣಿ ವಾಪಸ್ ಹೊರಟು, ಅಲ್ಲಿ ಇಳಿದು ಫೋನ್ ಆನ್ ಮಾಡಿದ ಹೊತ್ತಿಗೆ ಆ ಸಂದೇಶ ನಮ್ಮ ಗೇಟ್‌ವೇ ದಾಟಿತು. ಕಳಿಸಿದವರ ವಿಳಾಸದ ನಾಲ್ಕನೆಯ ಬೈಟ್ ನೋಡಿದೆ: 11.